ಗಾಡಿಗೆ ಕೈ ಹಚ್ಚಿದವರಿಗೆ

ಮುಗಿಯಿತು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ರೇಸ್ ಕಾರು ಸ್ಪರ್ಧೆಯಲ್ಲಿ ನಮ್ಮ ಗಾಡಿ 22 ಕಿಲೋಮೀಟರಿನ ಎಂಡ್ಯೂರೆನ್ಸ್, ಅಂದರೆ ತಾಳಿಕೆಯ ಓಟ, ಪೂರ್ತಿ ಓಡಿ, ತನ್ನ ಚಕ್ರದ ಮೇಲೇ ಗಾಡಿ ರಿಪೇರಿಯ ಜಾಗವಾದ ಪಿಟ್ಟಿಗೆ ಬಂತು. ಹೋದ ವರ್ಷ ತಳ್ಳಿಕೊಂಡು ಬಂದಿದ್ದೆವು. ಗೆದ್ದಿರಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಕಪ್ಪು ಬಂದಿಲ್ಲ. 1000 ಅಂಕದ ಸ್ಪರ್ಧೆಯಲ್ಲಿ ಪಟ್ಟಿಯ ನಡುವೆಲ್ಲೋ ಇದ್ದೇವೆ. ಆದರೂ ಆ ರಾತ್ರಿ ನಮ್ಮಲ್ಲಿ ಯಾರೂ ಮಲಗಲಿಲ್ಲ.

ಊರಲ್ಲಿ ಇದನ್ನು ಓದುವ ಬಹಳ ಮಂದಿಗೆ ಜೂನ್‌ನಿಂದ ಜನವರಿವರೆಗೆ ನಾವು ಏನು ಮಾಡುತ್ತಿದ್ದೆವು ಎಂಬುದೇ ಸರಿಯಾಗಿ ಗೊತ್ತಿಲ್ಲ. ಆಯಿ ಮೊದಲ ಸಲ ಗಾಡಿ ನೋಡಿದಾಗ ಕೇಳಿದ್ದು ಒಂದೇ ಮಾತು, "ಇದ್ಕೆ ಬಾಗ್ಲು ಎಲ್ಲಿದ್ದು?" ಬಾಗಿಲೂ ಇಲ್ಲ, ಮಾಡೂ ಇಲ್ಲ, ಕೂರುವುದು ಒಬ್ಬರೇ. ಇಂಜಿನಿಯರಿಂಗ್ ಓದುವ ಹುಡುಗರು ಹುಡುಗಿಯರು ತಾವೇ ನಕ್ಷೆ ಬರೆದು, ತಾವೇ ಪೈಪು ಕತ್ತರಿಸಿ, ವೆಲ್ಡ್ ಮಾಡಿ ಕಟ್ಟಿದ ರೇಸ್ ಕಾರು ಅದು. ಇಂಜಿನ್ 710 ಸಿಸಿ ದಾಟಬಾರದು. ನಮ್ಮದು ಹಳೆಯ ಕೆಟಿಎಂ ಬೈಕಿನಿಂದ ತೆಗೆದ 373 ಸಿಸಿಯ ಒಂಟಿ ಸಿಲಿಂಡರು. ಇಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ತೂತಿನೊಳಗಿಂದಲೇ ನುಸುಳಬೇಕು. ಆ ಕತ್ತಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿತೆಂದರೆ ಮುಗಿಯಿತು, ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಹೆಚ್ಚಿನ ಗಾಳಿ ಹೋಗುವುದಿಲ್ಲ. ಒಂಟಿ ಸಿಲಿಂಡರು ಗಾಳಿಯನ್ನು ಗುಟುಕು ಗುಟುಕಾಗಿ ಎಳೆಯುವುದರಿಂದ ಆ ತೂತಿನ ಹಿಂದೆ ಒಂದು ಡಬ್ಬಿ ಕಟ್ಟಿ ಗಾಳಿ ಕೂಡಿಡಬೇಕಾಗುತ್ತದೆ.

ಆ ತೂತು ಕೊರೆದುಕೊಟ್ಟದ್ದು ಶಿರಸಿಯ ಲೇಥ್ ಮಾಮ. ಅಡಿಕೆ ಸುಲಿಯುವ ಯಂತ್ರದ ಶಾಫ್ಟು, ಪಂಪಿನ ಬುಷ್ ಮಾಡಿಕೊಂಡಿದ್ದವರ ಮುಂದೆ ಹೋಗಿ ಅಲ್ಯೂಮಿನಿಯಂ ಗುಂಡು ಇಟ್ಟು, ಒಳಗಡೆ ಹೀಗೆ ಸಣ್ಣಗಾಗಿ ಮತ್ತೆ ನಿಧಾನಕ್ಕೆ ಅಗಲವಾಗಬೇಕು ಎಂದು ಕೈಯಲ್ಲಿ ತೋರಿಸಿದೆವು. ಮೊದಲನೆಯದು ಕೂದಲೆಳೆಯಷ್ಟು ದೊಡ್ಡದಾಯಿತು. ತಪಾಸಣೆಯವರ ಗೇಜು ಒಳಗೆ ಹೋಗಿಬಿಟ್ಟರೆ ಗಾಡಿ ಓಡಿಸಲು ಬಿಡುವುದಿಲ್ಲ ಎಂದಾಗ ಅವರು ಏನೂ ಮಾತಾಡದೆ ಇನ್ನೊಂದು ಗುಂಡು ಹಿಡಿದರು. ಎರಡನೆಯದು 19.9. ದುಡ್ಡು ಕೇಳಿದರೆ, "ಓಡ್ಲಿ ಮೊದ್ಲು." ಈಗ ಓಡಿದೆ ಮಾಮ, ಬಿಲ್ ಬರೆದಿಡಿ.

ಈ ಬರಹದ ಅರ್ಧ ಪಾಲು ಕುಮಟಾ ಕಡೆಯ ಮೀನುಗಾರಿಕೆ ಬಂದರು ತದಡಿಯಲ್ಲಿ ದೋಣಿಯ ಫೈಬರ್ ಕೆಲಸ ಮಾಡುವ ಒಬ್ಬ ಅಣ್ಣನಿಗೆ ಸೇರಬೇಕು.

ಜುಲೈನಲ್ಲಿ ನಾವು ನಾಲ್ವರು ಗಾಡಿಯ ಮೂತಿ, ಅಂದರೆ ಮುಂಭಾಗದ ಫೈಬರ್ ಹೊದಿಕೆ, ಮಾಡಿಸಲು ಘಟ್ಟ ಇಳಿದು ಹೋದೆವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ದೋಣಿಗಳೆಲ್ಲ ದಡದಲ್ಲಿ, ಫೈಬರ್ ಕೆಲಸದವರಿಗೆ ಅದೇ ಸುಗ್ಗಿ. ಅಂಥ ಹೊತ್ತಿನಲ್ಲಿ ಹೋಗಿ ಆಟಿಕೆಯಂಥ ಗಾಡಿಗೆ ಮೂತಿ ಮಾಡಿಕೊಡಿ ಎಂದರೆ ಯಾರಾದರೂ ಓಡಿಸಬೇಕಿತ್ತು. ಅವರು, ಸಂಜೆ ಆರರ ಮೇಲೆ ಬನ್ನಿ, ನಾ ಮಾಡಿಕೊಡೂದಿಲ್ಲ, ಕಲಿಸ್ತೆ ಎಂದರು.

ಕಲಿಸಿದರು. ಗಾಜಿನ ನಾರಿನ ಮ್ಯಾಟ್ ಹಾಸಿ ರೆಸಿನ್ ಎಂಬ ಅಂಟು ಕುಡಿಸುವುದು, ಗುಳ್ಳೆ ಉಳಿಯದ ಹಾಗೆ ರೋಲರ್ ಎಳೆಯುವುದು, ಕೈಗೆ ಎಷ್ಟು ಸಾಗುತ್ತದೋ ಅಷ್ಟೇ ಕಲೆಸುವುದು. ಮಳೆಗಾಲದಲ್ಲಿ ಮ್ಯಾಟ್ ತೇವ ಹಿಡಿಯುತ್ತದೆ, ಅದಕ್ಕೆ ಬಲ್ಬಿನ ಕೆಳಗೆ ಇಡಬೇಕು. ನಮಗೆ ಅವಸರ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್ನರ್ ಜಾಸ್ತಿ ಸುರಿದೆವು. ಮೂತಿ ಬಿಸಿಯಾಗಿ, ಹೊಗೆಯಾಡಿ, ಬೆಳಗಾಗುವುದರೊಳಗೆ ಹಪ್ಪಳದ ಹಾಗೆ ಸೀಳಿತ್ತು. "ಇದು ಅನ್ನ ಅಲ್ಲ, ಬೇಗ ಬೇಯ್ಲಿ ಅಂದ್ಕಂಡು ಬೆಂಕಿ ಹೆಚ್ಚು ಮಾಡೂಕೆ," ಎಂದರು. ಹಾಳಾದದ್ದು ಅವರ ರೆಸಿನ್. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಕ್ಟೋಬರಿನಲ್ಲಿ ಗಾಡಿ ಮೊದಲ ಸಲ ಓಡಿತು, ಆರನೇ ಸುತ್ತಿಗೆ ಕುದಿಯಿತು. ಹೋದ ವರ್ಷ ನಮ್ಮನ್ನು ಕೆಡವಿದ್ದೂ ಇದೇ ರೋಗ. ಎಂಡ್ಯೂರೆನ್ಸಿನಲ್ಲಿ ಅರ್ಧ ದಾರಿಗೆ ಚಾಲಕರು ಬದಲಾಗಬೇಕು. ಇಂಜಿನ್ ಆರಿಸಿ, ಮೂರು ನಿಮಿಷದೊಳಗೆ ಇನ್ನೊಬ್ಬರು ಕೂತು, ಮತ್ತೆ ಸ್ಟಾರ್ಟ್ ಮಾಡಬೇಕು. ಕಾದ ಇಂಜಿನ್ ನಿಂತಾಗ ನೀರೂ ಓಡುವುದಿಲ್ಲ, ಗಾಳಿಯೂ ಬೀಸುವುದಿಲ್ಲ, ಶಾಖ ಇನ್ನೂ ಏರುತ್ತದೆ. ಅಲ್ಲಿಯೇ ನಾವು ಸತ್ತದ್ದು. ಈ ಸಲ ದೊಡ್ಡ ರೇಡಿಯೇಟರ್ ಹಾಕಿದ್ದೆವು, ಕಂಪ್ಯೂಟರಿನಲ್ಲಿ ಗಾಳಿಯ ಹರಿವಿನ ಲೆಕ್ಕವೂ ಮಾಡಿದ್ದೆವು. ಬಣ್ಣ ಬಣ್ಣದ ಗೆರೆಗಳು ರೇಡಿಯೇಟರ್ ಒಳಗೆ ನುಗ್ಗುವುದನ್ನು ನೋಡಿ ಕುಣಿದದ್ದೂ ಆಗಿತ್ತು.

ಗಾಡಿಯ ಪಕ್ಕದ ಪಾಡ್, ಅಂದರೆ ರೇಡಿಯೇಟರ್ ಕೂರುವ ಗೂಡು, ಬಿಚ್ಚಿ, ರೇಡಿಯೇಟರ್ ಸಮೇತ ಬಸ್ಸಿನಲ್ಲಿಟ್ಟುಕೊಂಡು ಮತ್ತೆ ತದಡಿಗೆ ಹೋದೆ. ಅಣ್ಣ ಅದನ್ನು ಶೆಡ್ಡಿನಿಂದ ದೂರ ಒಯ್ದು (ಒಳಗೆ ರೆಸಿನ್, ಅಸಿಟೋನ್ ಇರುವಲ್ಲಿ ಕಡ್ಡಿ ಗೀರುವವರಲ್ಲ ಅವರು), ಮುಂದೆ ಟೇಬಲ್ ಫ್ಯಾನ್ ಇಡಿಸಿ, ಬೀಡಿ ಹಚ್ಚಿ ಹೊಗೆ ಬಿಟ್ಟರು. ಹೊಗೆ ರೇಡಿಯೇಟರ್ ತನಕ ಹೋಯಿತು. ಹೋಗಿ, ಅದರೊಳಗೆ ನುಸುಳುವ ತಂಟೆಗೇ ಹೋಗದೆ, ಅಂಚಿನ ಎರಡು ಬೆರಳಿನ ಸಂದಿನಿಂದ ಸುಖವಾಗಿ ಹೊರಗೆ ಬಂತು. ನಮ್ಮ ಲೆಕ್ಕದಲ್ಲಿ ಆ ಸಂದು ಇರಲೇ ಇಲ್ಲ. ನಕ್ಷೆಯಲ್ಲಿ ಇರಲಿಲ್ಲ, ನಾವು ಕಟ್ಟಿದ ಗಾಡಿಯಲ್ಲಿತ್ತು.

"ನೀರು ಒಳಗೆ ಬರೂಕಾಗ ಅಂದ್ಕಂಡು ನಾವು ದಿನಾ ಮುಚ್ಚೂದು ಇದನ್ನೇ. ಗಾಳಿಗೆ ಬೇರೆ ಎಂತ?" ಎಂದು ಮ್ಯಾಟಿನ ಪಟ್ಟಿ ಕತ್ತರಿಸಿ ನಾಲ್ಕೂ ಅಂಚಿಗೆ ತುಟಿ ಕಟ್ಟಿಸಿದರು. ಮುಂದಿನ ಓಟದಲ್ಲಿ ಮುಳ್ಳು 94 ಡಿಗ್ರಿ ದಾಟಲಿಲ್ಲ.

ಓಡಿಸಿ ನೋಡಲು ಜಾಗ ಕೊಟ್ಟದ್ದು ಅಡಿಕೆ ವ್ಯಾಪಾರದ ಭಟ್ಟರು. ತಿರುವಿನಲ್ಲಿ ಗಾಡಿಯ ಹಿಡಿತ ಅಳೆಯುವ, ಎಂಟರ ಆಕಾರದ ಸ್ಕಿಡ್‌ಪ್ಯಾಡಿಗೆ ಸುಮಾರು 40 ಮೀಟರ್ ಉದ್ದ, 22 ಮೀಟರ್ ಅಗಲದ ಸಪಾಟು ನೆಲ ಬೇಕು. ನಮ್ಮ ಸೀಮೆಯಲ್ಲಿ ಅಷ್ಟು ಸಪಾಟು ನೆಲ ಇದ್ದರೆ ಅಲ್ಲಿ ಯಾರಾದರೂ ಅಡಿಕೆ ಒಣಗಿಸುತ್ತಿರುತ್ತಾರೆ. ಕೊನೆಕೊಯ್ಲು ಶುರುವಾಗುವುದರೊಳಗೆ ಜಾಗ ಖಾಲಿ ಮಾಡಿ ಎಂಬುದು ಅವರ ಶರತ್ತು. ಮೊದಮೊದಲು ಗಾಡಿ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಹೊರಗೇ ಎಳೆಯುತ್ತಿತ್ತು. ಟೈರಿನ ಗಾಳಿ ಇಳಿಸಿ, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಹಿಂದಿನ ಆಂಟಿ ರೋಲ್ ಬಾರ್ ಬಿಗಿ ಮಾಡಿ, ಒಂದು ಸುತ್ತಿಗೆ 6.4 ಸೆಕೆಂಡ್ ಇದ್ದದ್ದನ್ನು 5.8ಕ್ಕೆ ತಂದೆವು. ಅಷ್ಟರಲ್ಲಿ ಕೊಯ್ಲು ಬಂದೇಬಿಟ್ಟಿತು. ಭಟ್ಟರು ಒಂದು ವಾರ ತಮ್ಮ ಅಡಿಕೆಯನ್ನು ತಮ್ಮನ ಅಂಗಳಕ್ಕೆ ಸಾಗಿಸಿದರು. ಸಿಮೆಂಟಿನ ಮೇಲೆ ಎರಡು ಕರಿ ಉಂಗುರ ಹಾಗೇ ಉಳಿದಿವೆ. ತೊಳೆದರೂ ಹೋಗಿಲ್ಲವಂತೆ, ಕ್ಷಮಿಸಿ.

ಒಂದು ತಪ್ಪೊಪ್ಪಿಗೆಯೂ ಇರಲಿ. ನಮ್ಮ ಗುಂಪಿಗೆಲ್ಲ 1988ರ ಫಾರ್ಮುಲಾ ಒನ್ ಕಾರು ಮೆಕ್ಲಾರೆನ್ ಎಂಪಿ 4/4ರ ಗೀಳು. ಆ ಋತುವಿನ 16 ರೇಸುಗಳಲ್ಲಿ 15 ಗೆದ್ದ ಕಾರು, ಅದರ ಚಾಲಕರಲ್ಲಿ ಸೆನ್ನಾ ಎಂಟು, ಪ್ರಾಸ್ಟ್ ಏಳು. ಅದರಲ್ಲಿ ಚಾಲಕ ಹೆಚ್ಚುಕಡಿಮೆ ಮಲಗಿದ ಹಾಗೆ ಕೂರುತ್ತಿದ್ದ, ಕಾರು ಅಷ್ಟು ತಗ್ಗು. ನಾವೂ ಮಲಗಿಸಿದೆವು. ಚಾಲಕ ಐದು ಸೆಕೆಂಡಿನೊಳಗೆ ಹೊರಗೆ ಬರಬೇಕು ಎಂಬ ನಿಯಮ ನೆನಪಾದದ್ದು ನಮ್ಮ ಆರಡಿ ಹುಡುಗ ಒಳಗೆ ಸಿಕ್ಕಿಕೊಂಡು ಒದ್ದಾಡುವಾಗ. ಡಿಸೆಂಬರಿನಲ್ಲಿ ಸೀಟು ಮತ್ತೆ ಎಬ್ಬಿಸಿ, ಅಳತೆಗೆ ಸರಿಯಾಗಿ ಕುಶನ್ ಹೊಲಿದುಕೊಟ್ಟ ಆಟೋ ಸೀಟಿನ ಅಂಗಡಿಯವರಿಗೆ ನಮಸ್ಕಾರ. ಇಷ್ಟಾದರೂ ಗಾಡಿ ಹಿಂದಿನದಕ್ಕಿಂತ 40 ಕೆಜಿ ಹಗುರ.

ಎಂಡ್ಯೂರೆನ್ಸಿನ ಎರಡನೇ ಅರ್ಧ ಓಡಿಸಿದವಳ ಅಪ್ಪ ಶಿರಸಿ–ಕುಮಟಾ ಬಸ್ಸಿನ ಚಾಲಕರು. ಅವಳು ಬ್ರೇಕ್ ಮೇಲೆ ಕಾಲಿಟ್ಟೇ ತಿರುವಿಗೆ ಹೋಗುತ್ತಿದ್ದಳು, ಪ್ಯಾಡುಗಳು ಕಾದು ಸುಟ್ಟ ವಾಸನೆ. ರಜೆಯ ದಿನ ನೋಡಲು ಬಂದ ಅಪ್ಪ ಎರಡು ಸುತ್ತು ನೋಡಿ, ದೇವಿಮನೆ ಘಟ್ಟ ಹೀಗೆ ಇಳಿದರೆ ಕೆಳಗೆ ಮುಟ್ಟುವಾಗ ಬ್ರೇಕೇ ಇರುವುದಿಲ್ಲ ಮಗಾ, ಗಟ್ಟಿ ಹಿಡಿ, ಪೂರ್ತಿ ಬಿಡು ಎಂದರು. ನಾವು ತಿಂಗಳಿಂದ ಗ್ರಾಫ್ ತೋರಿಸಿ ಹೇಳುತ್ತಿದ್ದದ್ದೂ ಅದನ್ನೇ. ಅವಳು ಕೇಳಿದ್ದು ಅಪ್ಪನ ಮಾತು.

ಪಿಟ್ಟಿನಲ್ಲಿ ಬ್ಯಾಟರಿ ಕೈಕೊಟ್ಟಾಗ ತಮ್ಮದನ್ನು ಬಿಚ್ಚಿಕೊಟ್ಟ ಪಕ್ಕದ ತಂಡದವರು ಕನ್ನಡ ಓದುವುದಿಲ್ಲ. ಆಯಿ ಕಟ್ಟಿಕೊಟ್ಟ ತೊಡೆದೇವು ಅಷ್ಟನ್ನೂ ಅವರಿಗೇ ಕೊಟ್ಟು ಬಂದಿದ್ದೇವೆ. ಆಯಿಗೆ ಇದು ಈಗಲೇ ಗೊತ್ತಾಗುತ್ತಿರುವುದು.

ಎಂಡ್ಯೂರೆನ್ಸಿನಲ್ಲಿ ಮೂರು ನಿಮಿಷದ ಚಾಲಕರ ಬದಲಾವಣೆ ಮುಗಿದು ಆ ಬಸ್ ಚಾಲಕರ ಮಗಳು ಸ್ಟಾರ್ಟ್ ಬಟನ್ ಒತ್ತಿದಳು. ಮೊದಲ ಸಲ ಹಿಡಿಯಲಿಲ್ಲ. ನಮ್ಮಲ್ಲೊಬ್ಬ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ಎರಡನೇ ಸಲ ಹಿಡಿಯಿತು.

ರಾತ್ರಿ ತದಡಿಗೆ ಫೋನ್ ಮಾಡಿದೆ. ಎಷ್ಟನೇ ನಂಬರು ಬಂತು ಎಂದು ಅಣ್ಣ ಕೇಳಲಿಲ್ಲ.

"ಬಿಸಿ ಎಷ್ಟಾಯ್ತು?"

"ತೊಂಬತ್ತಾರು."

"ಸಾಕು ಹಂಗಾರೆ. ಕೈಯೆಲ್ಲಾ ರೆಸಿನ್ ಆಗದೆ, ಇಡ್ತೆ."

ಅಣ್ಣಾ, ಆ ಹಾಳಾದ ಮೂತಿಯ ರೆಸಿನ್ ಲೆಕ್ಕ ನಾನು ಮರೆತಿಲ್ಲ. ಬರುವ ಭಾನುವಾರ ಒಂದು ಡಬ್ಬ ಹಿಡಿದುಕೊಂಡು ಕುಮಟಾದ ಮೊದಲ ಬಸ್ಸಿಗೆ ಹೊರಡುತ್ತೇನೆ.