ಬಣ್ಣದ ಲಾಗ್ ಬಳಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕನ್ಸೋಲ್‌ನಲ್ಲಿ (ಕೋಡ್ ಕಳಿಸುವ ಸಂದೇಶಗಳು ಕಾಣುವ ಜಾಗ) ಬಣ್ಣ ಬರಲಿ ಅಂತ, ಸಂದೇಶ ಬರೆಯುವ ಲಾಗ್‌ಗೆ ನಮ್ಮದೇ ಒಂದು ಫಂಕ್ಷನ್ ಸುತ್ತಿದರೆ, ಡೆವಲಪರ್‌ಗಳಿಗೆಂದೇ ಇರುವ ಕ್ರೋಮ್ ಡೆವ್‌ಟೂಲ್ಸ್‌ನ ಬಲತುದಿಯಲ್ಲಿ ಕಾಣುವ ಫೈಲ್ ಹೆಸರು, ಸಾಲಿನ ಸಂಖ್ಯೆ ಕೆಲಸಕ್ಕೆ ಬಾರದಂತಾಗುತ್ತವೆ. ಕಾರ್ಟ್ ಫೈಲಿನ 42ನೇ ಸಾಲಿನಿಂದ ಕರೆದರೂ, ಪೇಮೆಂಟ್ ಫೈಲಿನಿಂದ ಕರೆದರೂ ಲಾಗರ್ ಫೈಲಿನ 7ನೇ ಸಾಲನ್ನೇ ತೋರಿಸುತ್ತದೆ, ಕನ್ಸೋಲ್.ಲಾಗ್ ನಿಜವಾಗಿ ಓಡಿದ್ದು ಅಲ್ಲೇ ತಾನೆ.

ಹಾಗಾಗಿ ಫಂಕ್ಷನ್ ಒಳಗೆ ಲಾಗ್ ಕರೆಯಬೇಡಿ. ಬೈಂಡ್ ಅಂದರೆ ಕೆಲವು ಮೌಲ್ಯಗಳನ್ನು ಮೊದಲೇ ತುಂಬಿಟ್ಟ ಹೊಸ ಫಂಕ್ಷನ್ ಕೊಡುವ ವಿಧಾನ. ಕನ್ಸೋಲ್.ಲಾಗ್.ಬೈಂಡ್‌ಗೆ ಕನ್ಸೋಲ್, %ಸಿ (%c, ಮುಂದಿನ ಪಠ್ಯಕ್ಕೆ ಬಣ್ಣ ಹಚ್ಚುವ ಗುರುತು) ಇಂದ ಶುರುವಾಗುವ ಲೇಬಲ್, ಬಣ್ಣ ಹೇಳುವ ಸಿಎಸ್ಎಸ್ ಸ್ಟ್ರಿಂಗ್, ಇದೇ ಕ್ರಮದಲ್ಲಿ ಕೊಟ್ಟು, ಬಂದ ಫಂಕ್ಷನ್ನನ್ನೇ ಎಕ್ಸ್‌ಪೋರ್ಟ್ ಮಾಡಿ. ಆಗ ಕರೆದ ಸಾಲೇ ಕಾಣುತ್ತದೆ. ಬೇರೆಯವರ ಲೈಬ್ರರಿಯಾದರೆ ಡೆವ್‌ಟೂಲ್ಸ್ ಸೆಟ್ಟಿಂಗ್ಸ್‌ನ ಇಗ್ನೋರ್ ಲಿಸ್ಟ್‌ಗೆ ಆ ಫೈಲ್ ಸೇರಿಸಿ, ಆಗ ಅದನ್ನು ಬಿಟ್ಟು, ಅದನ್ನು ಕರೆದ ಸಾಲು ಕಾಣುತ್ತದೆ. ಇದನ್ನು ಪ್ರತಿಯೊಬ್ಬರೂ ತಮ್ಮ ಬ್ರೌಸರ್‌ನಲ್ಲಿ ಮಾಡಿಕೊಳ್ಳಬೇಕು.

ಆಬ್ಜೆಕ್ಟನ್ನು ಪ್ಲಸ್ ಹಾಕಿ ಲೇಬಲ್‌ಗೆ ಅಂಟಿಸಿದರೆ [ಆಬ್ಜೆಕ್ಟ್ ಆಬ್ಜೆಕ್ಟ್] ಅಂತಷ್ಟೇ ಬರುತ್ತದೆ. ಕಾಮಾ ಹಾಕಿ ಕೊಡಿ, ಬಿಚ್ಚಿ ನೋಡಬಹುದು. ಕಪ್ಪು ಅಕ್ಷರ ಡಾರ್ಕ್ ಥೀಮ್‌ನಲ್ಲಿ ಕಣ್ಣಿಗೇ ಬೀಳುವುದಿಲ್ಲ, ಹಿನ್ನೆಲೆ ಬಣ್ಣವನ್ನೂ ಕೊಡಿ.

ಎರರ್‌ಗಳಿಗೆ ಮಾತ್ರ ಈ ಬಣ್ಣದ ಲಾಗ್ ದಯವಿಟ್ಟು ಬೇಡ. ಕೆಂಪು ಬಳಿದ ಲಾಗ್, ಎರರ್ ಮಾತ್ರ ತೋರಿಸುವ ಎರರ್ಸ್ ಫಿಲ್ಟರ್‌ಗೆ ಸಿಗುವುದೇ ಇಲ್ಲ. ಕನ್ಸೋಲ್.ಎರರ್ ಆದರೆ ಫಿಲ್ಟರ್‌ಗೂ ಸಿಗುತ್ತದೆ, ಸ್ಟ್ಯಾಕ್ ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಕೂಡ ಜೊತೆಗೇ ಬರುತ್ತದೆ.