ಐದನೇ ತರಗತಿ ಮಕ್ಕಳ ಸಂಸತ್ ಭೇಟಿ

ಎಲ್ಲ ಪೋಷಕರಿಗೆ ನಮಸ್ಕಾರ.

ಬರುವ ಗುರುವಾರ ನಮ್ಮ ಐದನೇ ತರಗತಿ ಮಕ್ಕಳು ದೆಹಲಿಯ ಸಂಸತ್ ಭವನ ನೋಡಲು ಹೋಗುತ್ತಿದ್ದಾರೆ. ಬಸ್ಸು ಬೆಳಿಗ್ಗೆ 8ಕ್ಕೆ ಶಾಲೆಯಿಂದ ಹೊರಡುತ್ತದೆ. ದಯವಿಟ್ಟು 7.40ಕ್ಕೇ ಬಿಡಿ.

ಒಳಗೆ ತಪಾಸಣೆ ಜಾಸ್ತಿ. ಮೊಬೈಲ್, ಕ್ಯಾಮೆರಾ ಬೇಡವೇ ಬೇಡ. ಸಮವಸ್ತ್ರ, ಶಾಲೆಯ ಗುರುತಿನ ಚೀಟಿ ಕಡ್ಡಾಯ. ಊಟದ ಡಬ್ಬಿ, ನೀರಿನ ಬಾಟಲಿ ಬಸ್ಸಿನಲ್ಲೇ ಇರುತ್ತವೆ.

ಇನ್ನೊಂದು ಮಾತು. ಹೋಗುವ ಮೊದಲು ಮನೆಯಲ್ಲಿ ಸ್ವಲ್ಪ ಮಾತಾಡಿ. ನಿನ್ನೆ ಒಬ್ಬಳು, "ಸಂಸತ್ತಿಗೆ ಹೆಡ್‌ಮಾಸ್ಟರ್ ಯಾರು?" ಎಂದು ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ! ಲೋಕಸಭೆ ನಡೆಸುವವರು ಸ್ಪೀಕರ್, ರಾಜ್ಯಸಭೆ ನಡೆಸುವವರು ಉಪರಾಷ್ಟ್ರಪತಿ ಎಂದು ಹೇಳಿದೆ. ಲೋಕಸಭೆಯಲ್ಲಿ 543 ಕ್ಷೇತ್ರಗಳ ಸದಸ್ಯರಿರುತ್ತಾರೆ. ನಿಮ್ಮ ಕ್ಷೇತ್ರದಿಂದ ಯಾರು ಗೆದ್ದಿದ್ದಾರೆ, ಮಗುವಿಗೆ ತಿಳಿಸಿ. ನೆಲದ ಬಣ್ಣ ಗಮನಿಸಲು ಹೇಳಿ: ಲೋಕಸಭೆಯಲ್ಲಿ ಹಸಿರು, ರಾಜ್ಯಸಭೆಯಲ್ಲಿ ಕೆಂಪು. ಈಗಿನ ಹೊಸ ಕಟ್ಟಡ ಉದ್ಘಾಟನೆಯಾಗಿದ್ದು 2023ರ ಮೇ 28ರಂದು. ಅದು ತ್ರಿಕೋನ, ಪಕ್ಕದ ಹಳೆಯದು ದುಂಡಗೆ. ಮಕ್ಕಳು ಎರಡನ್ನೂ ಚಿತ್ರ ಬರೆಯಬೇಕು, ಒಂದು ಪೆನ್ಸಿಲ್ ಕಳಿಸಿ.

ಒಪ್ಪಿಗೆ ಪತ್ರ ಸೋಮವಾರದೊಳಗೆ ಬೇಕು. ಹೆಸರುಗಳ ಪಟ್ಟಿ ಮೊದಲೇ ಕೊಡಬೇಕು, ತಡವಾದರೆ ಮಗು ಉಳಿದುಬಿಡುತ್ತದೆ. ಬಸ್ಸಿನಲ್ಲಿ ವಾಂತಿಯಾಗುವ ಮಕ್ಕಳಿದ್ದರೆ ನನಗೆ ಪ್ರತ್ಯೇಕವಾಗಿ ತಿಳಿಸಿ. ಜೊತೆಗೆ ಬರಲು ಇಬ್ಬರು ಪೋಷಕರು ಬೇಕು, ಬರುವವರು ಇಲ್ಲೇ "ನಾನು ಬರುತ್ತೇನೆ" ಎಂದು ಬರೆಯಿರಿ.