ಅತ್ತೆ ಊರಿಗೆ ಹೊರಟ ದಿನ

ಗೆಳೆಯಾ,

ಮಗಳು ಹುಟ್ಟಿದಳು ಅಂತ ನೀನು ಫೋನಿನಲ್ಲಿ ಕುಣಿದಾಡಿದ್ದು ಒಂದೇ ದಿನ. ಆಮೇಲೆ ಬಂದ ಮೆಸೇಜುಗಳಲ್ಲೆಲ್ಲ ಗೊಣಗಾಟವೇ. ಅತ್ತೆ ಬಂದು ಐದು ವಾರವಾಯಿತು, ಒಂಬತ್ತು ಗಂಟೆಯವರೆಗೆ ಬಚ್ಚಲು ಸಿಗುವುದಿಲ್ಲ, ಫ್ಲಾಟಿನ ತುಂಬ ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ, ನಿನಗೆ ಸೋಫಾವೇ ಗತಿ. ಇಲ್ಲಿ ನೈಜೀರಿಯಾದ ಎನುಗುವಿನಲ್ಲಿ ನನ್ನ ಪಕ್ಕದ ಮನೆಯ ಬಾಣಂತನವೂ ಹೋದ ವಾರವಷ್ಟೇ ಮುಗಿಯಿತು. ಅದರ ಕಥೆ ಬರೆಯುತ್ತೇನೆ, ಸೋಫಾ ಮೇಲೆ ಮಲಗಿಯೇ ಓದು.

ಪಕ್ಕದವರು ಇಗ್ಬೊ ಜನ. ಬಾಣಂತನಕ್ಕೆ ಅವರ ಮಾತು ‘ಓಮುಗ್ವೊ’. ನಮ್ಮಲ್ಲಿ ಬಸುರಿ ತವರಿಗೆ ಹೋಗುತ್ತಾಳಲ್ಲ, ಇವರಲ್ಲಿ ತವರೇ ಗಂಟುಮೂಟೆ ಕಟ್ಟಿಕೊಂಡು ಮಗಳ ಮನೆಗೆ ಬರುತ್ತದೆ. ಹೆಂಡತಿಯ ತಾಯಿಗೆ ಮೊದಲ ಹಕ್ಕು. ಆಕೆ ಇಲ್ಲದಿದ್ದರೆ, ಕೈಲಾಗದಿದ್ದರೆ ಗಂಡನ ತಾಯಿ. ಒಂದು ತಿಂಗಳಿಂದ ಮೂರು ತಿಂಗಳವರೆಗೂ ಇರುತ್ತಾರೆ. ಮಗಳು ಲಂಡನ್ನಿನಲ್ಲಿದ್ದರೂ ಹ್ಯೂಸ್ಟನ್ನಿನಲ್ಲಿದ್ದರೂ ವೀಸಾ ಮಾಡಿಸಿ ಅಮ್ಮನನ್ನು ಕರೆಸಿಕೊಳ್ಳುತ್ತಾಳೆ. ಅಂದರೆ ನಿನ್ನ ಮನೆಯಲ್ಲಿ ಈಗ ನಡೆಯುತ್ತಿರುವುದು ಅಸಲಿಗೆ ಬಾಣಂತನವಲ್ಲ, ಓಮುಗ್ವೊ.

ಕೂಸು ಹುಟ್ಟಿದ ದಿನ ನೋಡಲು ಹೋದವನಿಗೆ ಬಾಗಿಲಲ್ಲೇ ಒಬ್ಬ ಹೆಂಗಸು ಕುತ್ತಿಗೆಗೆ ಟಾಲ್ಕಂ ಪೌಡರ್ ಮೆತ್ತಿದಳು. ಹಿಂದೆ ಸುಣ್ಣದಂಥ ‘ಎನ್ಜು’ ಎಂಬ ಬಿಳಿಮಣ್ಣು ಬಳಿಯುತ್ತಿದ್ದರಂತೆ, ಈಗ ಡಬ್ಬಿ ಪೌಡರ್. ಒಳಗೆ ಹೆಂಗಸರೆಲ್ಲ ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಅಲ್ಲಿಂದ ನೇರ ಆಫೀಸಿಗೆ ಹೋದೆ. ನನ್ನ ಕುತ್ತಿಗೆ ನೋಡಿ ವಾಚ್‌ಮನ್ ಕೇಳಿದ್ದು ಒಂದೇ ಪ್ರಶ್ನೆ: ಗಂಡೋ ಹೆಣ್ಣೋ?

ಕೂಸಿನ ಅಜ್ಜಿ, ಅಂದರೆ ಬಾಣಂತಿಯ ತಾಯಿ, ಹಳ್ಳಿಯಿಂದ ತಂದ ಚೀಲವನ್ನು ನಮ್ಮಮ್ಮ ನೋಡಬೇಕಿತ್ತು. ಉಜಿಜ ಎಂಬ ಕಾಳನ್ನು ನನ್ನ ಅಂಗೈಗೆ ಸುರಿದಳು. ಸಣ್ಣ ತೊಟ್ಟು ಬಿಟ್ಟರೆ ಥೇಟ್ ನಮ್ಮ ಕಾಳುಮೆಣಸು. ದಾಯಾದಿಯೇ ಅದು, ಅದೇ ಜಾತಿಯ ಬಳ್ಳಿ, ಮರಕ್ಕೆ ಹಬ್ಬಿಕೊಂಡೇ ಬೆಳೆಯುತ್ತದೆ. ‘ಉದಾ’ ಅಂತ ಇನ್ನೊಂದು: ಕಪ್ಪಗೆ ಒಣಗಿದ ಕೋಡು, ಮೂಸಿದರೆ ಹೊಗೆಯಲ್ಲಿಟ್ಟ ಮಸಾಲೆಯ ವಾಸನೆ. ಇವೆರಡನ್ನೂ ಕುಟ್ಟಿ, ಒಣಮೀನು, ಖಾರದ ಮೆಣಸಿನಕಾಯಿ ಹಾಕಿ, ಬಿಳಿ ಯಾಮ್ ಗೆಡ್ಡೆಯನ್ನು ನೀರುಸಾರಿನಲ್ಲಿ ಬೇಯಿಸುತ್ತಾರೆ. ಹೆಸರು ‘ಜಿ ಮ್ಮಿರಿ ಓಕು’, ಬಿಸಿನೀರಿನ ಗೆಡ್ಡೆ ಎಂದಷ್ಟೇ ಅರ್ಥ. ಹೊಟ್ಟೆಯಲ್ಲಿ ಉಳಿದ ಕೆಟ್ಟ ರಕ್ತ ಹೋಗಬೇಕು, ಹಾಲು ಇಳಿಯಬೇಕು ಅಂತ ಬಾಣಂತಿಗೆ ಕುದಿಕುದಿಯಾಗಿ ಕೊಡುತ್ತಾರೆ. ಒಂದು ಬಟ್ಟಲು ನನಗೂ ಬಂತು. ಮೂಗು, ಕಣ್ಣು ಎರಡರಲ್ಲೂ ನೀರು. ಮೀನನ್ನು ಬದಿಗೆ ಸರಿಸಿ ಮಿಕ್ಕಿದ್ದನ್ನು ಬಟ್ಟಲು ಬಳಿದು ಕುಡಿದೆ, ಅಮ್ಮನಿಗೆ ಹೇಳಬೇಡ.

ಇನ್ನು ನೀರಿನ ವಿಷಯ. ನಾನು ಕಣ್ಣಾರೆ ಕಂಡಿದ್ದಲ್ಲ, ಗೋಡೆಯಾಚೆಯಿಂದ ಕೇಳಿದ್ದು. ಬೆಳಗಿನ ಐದಕ್ಕೆ ಬಕೆಟ್ಟಿನ ಸದ್ದು, ಆಮೇಲೆ ಬಾಣಂತಿಯ ಕಿರುಚಾಟ, ಅದರ ಮೇಲೆ ಅಜ್ಜಿಯ ಗದರಿಕೆ. ಸುಡುನೀರಿನಲ್ಲಿ ಟವೆಲ್ ಅದ್ದಿ, ಹಿಂಡಿ, ಹೊಟ್ಟೆಯ ಮೇಲೆ ಒತ್ತುವುದು. ಆಮೇಲೆ ಬಿಸಿನೀರಿನ ಟಬ್ಬಿನಲ್ಲಿ ಕೂರಿಸುವುದು. ಔಷಧಿ ಕಂಪನಿಯವನಲ್ಲವಾ ನಾನು, ಬಾಯಿ ಸುಮ್ಮನಿರಲಿಲ್ಲ. ಮಗು ಹಾಲು ಕುಡಿದಾಗ ಗರ್ಭಕೋಶ ತಾನಾಗಿಯೇ ಕುಗ್ಗುತ್ತದೆ, ಆರು ವಾರದಲ್ಲಿ ಮೊದಲಿನಂತಾಗುತ್ತದೆ, ಹೊಲಿಗೆ ಬಿದ್ದ ಜಾಗಕ್ಕೆ ಇಷ್ಟು ಬಿಸಿ ತಗುಲಿದರೆ ಬೊಬ್ಬೆ ಏಳುತ್ತದೆ ಎಂದೆಲ್ಲ ಪಕ್ಕದವನಿಗೆ ಹೇಳಿದೆ. ಉತ್ತರದ ಹೌಸಾ ಜನರಲ್ಲಂತೂ ಬಿಸಿನೀರಿನ ಸ್ನಾನದ ಜೊತೆ ‘ಕನ್ವಾ’ ಎಂಬ ಸೋಡಾದಂಥ ಉಪ್ಪು ಹಾಕಿದ ಗಂಜಿ ಕುಡಿಸುವ ರೂಢಿ ಇದೆ. ಬಾಣಂತಿಯರಿಗೆ ಹೃದ್ರೋಗ ಬರಲು ಇದೂ ಕಾರಣವಿರಬಹುದೆಂದು 1970ರ ದಶಕದಲ್ಲಿ ಅಲ್ಲಿನ ಝಾರಿಯಾ ಊರಿನ ವೈದ್ಯರು ಸಂಶಯಪಟ್ಟಿದ್ದರು. ಪಕ್ಕದವ ಎಲ್ಲ ಕೇಳಿ, “ಇದನ್ನು ನೀನೇ ಹೋಗಿ ಅಮ್ಮನಿಗೆ ಹೇಳು” ಅಂದ. ನಾನು ಹೋಗಲಿಲ್ಲ.

ಹೇಳಿದವಳು ಬಾಣಂತಿಯೇ. ನೀರಿನ ಬಿಸಿ ಮೊದಲು ತನ್ನ ಕೈಗೆ ತೋರಿಸಬೇಕು ಅಂತ ಒಂದು ಪಟ್ಟು. ಆರು ತಿಂಗಳು ಕೂಸಿಗೆ ಎದೆಹಾಲು ಬಿಟ್ಟು ಹನಿ ನೀರೂ ಬೇಡ ಅಂತ ಇನ್ನೊಂದು. ಮೊದಲನೆಯದಕ್ಕೆ ಅಜ್ಜಿ ಒಪ್ಪಿದಳು. ಎರಡನೆಯದಕ್ಕೆ ಮೂರು ದಿನ ಮಾತು ಬಿಟ್ಟಳು. “ಈ ಧಗೆಯಲ್ಲಿ ಕೂಸಿಗೆ ಬಾಯಾರುವುದಿಲ್ಲವಾ? ನಿನಗೆ ನಾನು ನೀರು ಕುಡಿಸಿಯೇ ಬೆಳೆಸಿದ್ದು!” ಎಲ್ಲೋ ಕೇಳಿದ ಹಾಗಿದೆ ಅಲ್ಲವಾ?

ಮಾತು ಬಿಟ್ಟರೂ ಕೂಸಿಗೆ ಎರೆಯುವುದನ್ನು ಬಿಡಲಿಲ್ಲ. ಅದನ್ನು ಮಾತ್ರ ನೋಡಿದ್ದೇನೆ, ಹಿತ್ತಿಲಲ್ಲೇ ನಡೆಯುತ್ತಿತ್ತು. ಗಿಡ್ಡ ಸ್ಟೂಲಿನ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿ ಉಜ್ಜಿದ್ದೇ ಉಜ್ಜಿದ್ದು. ಸಂದುಗೊಂದು ಸರಿಯಾಗಿ ತಿಕ್ಕದಿದ್ದರೆ ದೊಡ್ಡವರಾದ ಮೇಲೆ ಮೈ ನಾರುತ್ತದಂತೆ. ಯಾರಾದರೂ ಬೆವರು ನಾತ ಹೊಡೆದರೆ ಇಲ್ಲಿ ಬೈಗುಳ ಅವರ ತಾಯಿಗೆ, ಹುಟ್ಟಿದಾಗ ನೆಟ್ಟಗೆ ಎರೆಯಲಿಲ್ಲವೆಂದು! ಕೊನೆಗೆ ಕೈಕಾಲು ಎಳೆದು, ಗಾಳಿಗೆ ಒಮ್ಮೆ ತೂರಿ ಹಿಡಿಯುತ್ತಿದ್ದಳು. ಕೂಸು ಹೆದರುಪುಕ್ಕಲಾಗಬಾರದು ಅಂತ. ಹೆದರುತ್ತಿದ್ದವನು ನಾನು.

ಹೊಕ್ಕುಳಬಳ್ಳಿ ಉದುರಿದ ವಾರ ಪಕ್ಕದವ ಅದನ್ನು ಹಳ್ಳಿಗೆ ಒಯ್ದು ತಾಳೆಮರವೊಂದರ ಬುಡದಲ್ಲಿ ಹೂತು ಬಂದ. ಆ ಮರ ಇನ್ನು ಕೂಸಿನದು. ನನ್ನದನ್ನು ಆಸ್ಪತ್ರೆಯ ಯಾವ ಬುಟ್ಟಿಗೆ ಹಾಕಿದ್ದರೋ.

ಈಗ ಮುಖ್ಯವಾದದ್ದು, ನಿನಗೆ. ಓಮುಗ್ವೊ ಮುಗಿಸಿದ ಅತ್ತೆಯನ್ನು ಇಲ್ಲಿನ ಅಳಿಯ ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಬಟ್ಟೆ, ಸೋಪು, ಉಪ್ಪು, ಲಕೋಟೆಯಲ್ಲಿ ದುಡ್ಡು, ಜೊತೆಗೆ ಓಕ್ಪೊರೊಕೊ. ಅದು ನಾರ್ವೆಯಿಂದ ಬರುವ ಕಟ್ಟಿಗೆಯಂಥ ಒಣಮೀನು. 1967ರಿಂದ 1970ರವರೆಗೆ ಇಲ್ಲಿ ನಡೆದ ಅಂತರ್ಯುದ್ಧ, ಬಿಯಾಫ್ರಾ ಯುದ್ಧದಲ್ಲಿ ಹಸಿದವರಿಗೆ ನೆರವಾಗಿ ಹಂಚಿದ್ದರು, ಇವತ್ತಿಗೂ ಮರ್ಯಾದೆಯ ಉಡುಗೊರೆ. ಅತ್ತೆ ಹಳ್ಳಿಗೆ ಹೋಗಿ ನೆರೆಹೊರೆಗೆ ಹಂಚುತ್ತಾಳೆ. ಅಳಿಯ ಎಂಥವನೆಂದು ಊರಿಗೆಲ್ಲ ಗೊತ್ತಾಗುವುದು ಆ ಗಂಟು ಬಿಚ್ಚಿದಾಗಲೇ.

ಬಟ್ಟೆ ತೆಗೆಯಲು ಒಗ್ಬೆಟೆ ಮಾರುಕಟ್ಟೆಗೆ ಪಕ್ಕದವ ನನ್ನನ್ನೂ ಎಳೆದುಕೊಂಡು ಹೋದ. ಬೇಕಿದ್ದದ್ದು ‘ಜಾರ್ಜ್’, ಸೊಂಟಕ್ಕೆ ಸುತ್ತಿಕೊಳ್ಳುವ ಜರಿಯ ಭಾರೀ ಬಟ್ಟೆ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ ಬಂದ ಹೆಸರು ಎನ್ನುತ್ತಾರೆ, ಇವತ್ತಿಗೂ ಭಾರತದಿಂದ ಬರುತ್ತದೆ. “ನಿಮ್ಮ ದೇಶದ್ದು, ಅಸಲಿಯೋ ನಕಲಿಯೋ ನೋಡು” ಅಂದ. ನನಗೇನು ಗೊತ್ತು ಮಾರಾಯ? ಅಮ್ಮ ಸೀರೆ ಅಂಗಡಿಯಲ್ಲಿ ಮಾಡುವಂತೆ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ, ತಿರುಗಿಸಿ ಹಿಂಬದಿ ನೋಡಿ, ತುಟಿ ಸೊಟ್ಟ ಮಾಡಿದೆ. ಅಂಗಡಿಯವನು ತಾನಾಗಿಯೇ ರೇಟು ಇಳಿಸಿದ.

ಹೊರಟ ದಿನ ಅಜ್ಜಿ ಅದನ್ನೇ ಉಟ್ಟು ಕಾರು ಹತ್ತಿದಳು. ಮಗಳು ಅಳುತ್ತಿದ್ದಳು. ಅಳಿಯ ಡಿಕ್ಕಿಯಲ್ಲಿ ಮೀನಿನ ಕಟ್ಟನ್ನು ಅತ್ತಿತ್ತ ಸರಿಸುತ್ತ ಬೇಕೆಂದೇ ತಡ ಮಾಡಿದ. ಮರುದಿನ ಬೆಳಗಿನ ಐದಕ್ಕೆ ಗೋಡೆಯಾಚೆ ಸದ್ದಿರಲಿಲ್ಲ, ನನಗೆ ಮಾತ್ರ ಎಚ್ಚರವಾಯಿತು.

ನಿಮ್ಮತ್ತೆ ಹೊರಡುವುದು ಯಾವತ್ತು? ಸೀರೆ ತೆಗೆಯುವಾಗ ವಿಡಿಯೋ ಕಾಲ್ ಮಾಡು. ಉಜ್ಜಿ ನೋಡುವುದು ನಿನ್ನ ಕೆಲಸ, ತುಟಿ ಸೊಟ್ಟ ಮಾಡುವುದು ನನ್ನದು.

ಇಂತಿ,
ನಿನ್ನ ಎನುಗುವಿನ ಗೆಳೆಯ